ಕಲೆ, ಮಾನವಿಕ ಮತ್ತು ಸಮಾಜ ವಿಜ್ಞಾನ ಸಂಶೋಧನೆಯ ಮಂಡನೆ: ವಿದ್ಯಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಪದವಿ ಅಥವಾ ಸ್ನಾತಕೋತ್ತರ ಹಂತದಲ್ಲಿ ತಮ್ಮ ಸಂಶೋಧನಾ ಯೋಜನೆಯನ್ನು ಮೊದಲ ಸಲ ಸಭೆಯ ಮುಂದೆ ಇಡಲಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಉತ್ತರಗಳನ್ನು ಬರೆಯಲಾಗಿದೆ. ನಿಮ್ಮ ವಿಭಾಗದ ನಿಯಮಗಳು ಇಲ್ಲಿನ ಸಲಹೆಗಿಂತ ಬೇರೆಯಾಗಿದ್ದರೆ ಆ ನಿಯಮಗಳನ್ನೇ ಪಾಲಿಸಬೇಕು.

ನಮ್ಮ ವಿಷಯಗಳಲ್ಲಿ ಪ್ರಯೋಗವೂ ಇಲ್ಲ, ಅಳತೆಯೂ ಇಲ್ಲ. ಹಾಗಿರುವಾಗ ಮಂಡಿಸುವುದಾದರೂ ಏನನ್ನು?

ಆಕರವನ್ನು ನೀವು ಹೇಗೆ ಓದಿದಿರಿ, ಆ ಓದು ನಿಮ್ಮನ್ನು ಯಾವ ವಾದಕ್ಕೆ ತಂದಿತು ಎಂಬುದನ್ನು ಮಂಡಿಸಬೇಕು. ಪ್ರಯೋಗಾಲಯದ ವಿಜ್ಞಾನಗಳಲ್ಲಿ ವಿಧಾನವನ್ನೂ ಅಳತೆಗಳನ್ನೂ ಹೇಳಿದರೆ ಕೇಳುಗರು ಫಲಿತಾಂಶವನ್ನು ಬಹುಮಟ್ಟಿಗೆ ತೂಗಿ ನೋಡಬಲ್ಲರು. ಸಾಹಿತ್ಯ, ಇತಿಹಾಸ, ತತ್ತ್ವಶಾಸ್ತ್ರ, ಮಾನವಶಾಸ್ತ್ರದಂತಹ ವಿಷಯಗಳಲ್ಲಿ ಒಂದು ಪದ್ಯದ ಸಾಲಿಗೋ, ನ್ಯಾಯಾಲಯದ ಹಳೆಯ ಕಡತದಲ್ಲಿರುವ ಒಂದು ಹೇಳಿಕೆಗೋ, ಸಂದರ್ಶನದ ನಡುವೆ ಬಂದ ಮೌನಕ್ಕೋ ನೀವು ಕೊಟ್ಟ ಅರ್ಥವೇ ಸಂಶೋಧನೆಯ ತಿರುಳಾಗಿರುತ್ತದೆ. ಆದ್ದರಿಂದ ಆ ಸಾಲನ್ನು ಅಥವಾ ಹೇಳಿಕೆಯನ್ನು ಸಭೆಯ ಮುಂದೆ ಇಡದೆ ತೀರ್ಮಾನವನ್ನಷ್ಟೇ ಹೇಳಿದರೆ, ಕೇಳುಗರಿಗೆ ಒಪ್ಪುವುದಕ್ಕೂ ಒಪ್ಪದಿರುವುದಕ್ಕೂ ಆಧಾರವೇ ಇರುವುದಿಲ್ಲ. ಇಲ್ಲಿನ ಬಹುಪಾಲು ಉತ್ತರಗಳು ಈ ಒಂದು ಮಾತಿನಿಂದಲೇ ಹುಟ್ಟಿವೆ.

ಯೋಜನೆ ಇನ್ನೂ ಮುಗಿದಿಲ್ಲ. ಈಗಲೇ ಮಂಡಿಸಬಹುದೇ?

ಖಂಡಿತ ಮಂಡಿಸಬಹುದು. ಅರ್ಧಕ್ಕೆ ಬಂದ ಕೆಲಸವನ್ನು ಹಾಗೆಂದೇ ಹೇಳಿ ಮಂಡಿಸಿದರೆ, ಮುಗಿದ ಮೇಲೆ ಸಿಕ್ಕಿದ್ದರೆ ನಿರುಪಯುಕ್ತವಾಗುತ್ತಿದ್ದ ಸಲಹೆಗಳು ಸಕಾಲದಲ್ಲಿ ಸಿಗುತ್ತವೆ. ಆದರೆ ಮುಗಿಯದ ಕೆಲಸವೆಂದರೆ ಪ್ರಶ್ನೆಯೇ ಇನ್ನೂ ರೂಪುಗೊಳ್ಳದ ಕೆಲಸವಲ್ಲ. ಖಚಿತವಾದ ಒಂದು ಪ್ರಶ್ನೆ, ಆ ಪ್ರಶ್ನೆಗೆ ಹೊಂದುವ ಆಕರ, ಆ ಆಕರದಲ್ಲಿ ಈಗಾಗಲೇ ಕಂಡ ಒಂದಾದರೂ ಸಂಗತಿ ನಿಮ್ಮ ಬಳಿ ಇರಬೇಕು.

ಪದವಿ ವಿದ್ಯಾರ್ಥಿಗಳಿಗೂ ಇಂತಹ ವೇದಿಕೆಗಳಿವೆಯೇ?

ಇವೆ. ಅಮೆರಿಕದಲ್ಲಿ ಪದವಿ ವಿದ್ಯಾರ್ಥಿಗಳ ಸಂಶೋಧನೆಗೆಂದೇ ಮೀಸಲಾದ ರಾಷ್ಟ್ರೀಯ ಸಮ್ಮೇಳನ 1987ರಲ್ಲಿ ನಾರ್ತ್ ಕೆರೊಲೈನಾ ವಿಶ್ವವಿದ್ಯಾಲಯದ ಆ್ಯಶ್‌ವಿಲ್ ಶಾಖೆಯಲ್ಲಿ ಆರಂಭವಾಯಿತು; ಬ್ರಿಟನ್ನಿನಲ್ಲಿ ಅದೇ ಬಗೆಯ ಸಮ್ಮೇಳನ 2011ರಿಂದ ನಡೆಯುತ್ತಿದೆ. ಇವೆರಡರಲ್ಲೂ ಎಲ್ಲ ವಿಷಯಗಳಿಗೂ ಅವಕಾಶವುಂಟು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯ 2008ರಲ್ಲಿ ಆರಂಭಿಸಿದ ಮೂರು ನಿಮಿಷದ ಮಹಾಪ್ರಬಂಧ ಸ್ಪರ್ಧೆ ಈಗ ಅನೇಕ ದೇಶಗಳಿಗೆ ಹಬ್ಬಿದೆ. ಅದು ಮುಖ್ಯವಾಗಿ ಸಂಶೋಧನಾ ಪದವಿಯ ವಿದ್ಯಾರ್ಥಿಗಳಿಗಾಗಿ ಇರುವಂಥದ್ದು. ಒಂದೇ ಒಂದು ಸ್ಥಿರ ಸ್ಲೈಡ್ ಇಟ್ಟುಕೊಂಡು ಮೂರು ನಿಮಿಷದಲ್ಲಿ ಇಡೀ ಕೆಲಸವನ್ನು ಹೇಳಬೇಕಾಗುತ್ತದೆ. ಸ್ಪರ್ಧೆಗೆ ಹೋಗದಿದ್ದರೂ ಈ ಅಭ್ಯಾಸವನ್ನು ಮನೆಯಲ್ಲಿ ಮಾಡಿ ನೋಡುವುದು ಒಳ್ಳೆಯದು, ಏಕೆಂದರೆ ಮೂರು ನಿಮಿಷದಲ್ಲಿ ಹೇಳಲಾಗದ ವಾದ ಇಪ್ಪತ್ತು ನಿಮಿಷ ಕೊಟ್ಟರೂ ಸಾಮಾನ್ಯವಾಗಿ ಸ್ಪಷ್ಟವಾಗುವುದಿಲ್ಲ. ಇಷ್ಟೆಲ್ಲ ಹೇಳಿದ ಮೇಲೂ, ಮೊದಲ ಮಂಡನೆಗೆ ನಿಮ್ಮ ವಿಭಾಗದ ಗೋಷ್ಠಿಯಷ್ಟು ಒಳ್ಳೆಯ ಜಾಗ ಬೇರೊಂದಿಲ್ಲ ಎಂದೇ ನಾನು ನಂಬಿದ್ದೇನೆ.

ಸಾರಾಂಶವನ್ನು ಹೇಗೆ ಬರೆಯಬೇಕು?

ಹೆಚ್ಚಿನ ಕಡೆ 150ರಿಂದ 300 ಪದಗಳ ಮಿತಿ ಇರುತ್ತದೆ. ಅಷ್ಟರಲ್ಲಿ ಅರ್ಧ ಭಾಗ ವಿಷಯದ ಮಹತ್ವವನ್ನು ಹೊಗಳುವುದಕ್ಕೇ ಖರ್ಚಾಗುವುದು ಸಾಮಾನ್ಯ ದೋಷ. ‘ವಲಸೆ ಇಂದಿನ ಜಗತ್ತಿನ ಬಹುಮುಖ್ಯ ವಿಷಯವಾಗಿದೆ’ ಎಂಬಂತಹ ವಾಕ್ಯವನ್ನು ಯಾರು ಬೇಕಾದರೂ ಬರೆಯಬಹುದು, ಅದರಿಂದ ನಿಮ್ಮ ಕೆಲಸದ ಗುರುತು ಸಿಗುವುದಿಲ್ಲ. ‘ವಲಸೆ ಹೋದ ಕಾರ್ಮಿಕರು ಮನೆಗೆ ಬರೆದ ಪತ್ರಗಳಲ್ಲಿ ಸಂಬಳದ ಮಾತು ಪದೇ ಪದೇ ಬರುತ್ತದೆ, ಕೆಲಸದ ಜಾಗದ ಅಪಘಾತಗಳ ಮಾತು ಬರುವುದೇ ಇಲ್ಲ, ಇದಕ್ಕೆ ಕಾರಣವೇನೆಂದು ಈ ಅಧ್ಯಯನ ಕೇಳುತ್ತದೆ’ ಎಂದು ತೊಡಗಿದರೆ ಪ್ರಶ್ನೆ, ಆಕರ ಮತ್ತು ಕುತೂಹಲ ಒಂದೇ ವಾಕ್ಯದಲ್ಲಿ ಬಂದುಬಿಡುತ್ತವೆ. ಅನಂತರ ಎಷ್ಟು ಪತ್ರಗಳನ್ನು ಯಾವ ಕ್ರಮದಲ್ಲಿ ಓದಿದಿರಿ, ಏನು ಕಂಡಿತು, ಅದರಿಂದ ಈವರೆಗಿನ ತಿಳಿವಳಿಕೆ ಎಲ್ಲಿ ಬದಲಾಗಬೇಕು ಎಂಬುದನ್ನು ಬರೆಯಿರಿ. ‘ತೀರ್ಮಾನಗಳನ್ನು ಚರ್ಚಿಸಲಾಗುವುದು’ ಎಂದು ಮುಗಿಸದೆ ತೀರ್ಮಾನವನ್ನೇ ಹೇಳಿ ಮುಗಿಸಿ.

ಮೌಖಿಕ ಮಂಡನೆ ಮತ್ತು ಪೋಸ್ಟರ್, ಇವೆರಡರಲ್ಲಿ ಯಾವುದನ್ನು ಆರಿಸಿಕೊಳ್ಳಲಿ?

ವಾದ ಹಂತ ಹಂತವಾಗಿ ಬೆಳೆಯುವಂಥದ್ದಾಗಿದ್ದರೆ, ಅಂದರೆ ಮೊದಲನೆಯ ಮಾತು ತಿಳಿಯದೆ ಎರಡನೆಯದು ತಿಳಿಯದಂತಿದ್ದರೆ, ಮೌಖಿಕ ಮಂಡನೆ ಒಳ್ಳೆಯದು. ನಕ್ಷೆ, ಛಾಯಾಚಿತ್ರ, ಹಸ್ತಪ್ರತಿಯ ಪುಟ, ಸಮೀಕ್ಷೆಯ ಕೋಷ್ಟಕ ಮೊದಲಾದ ಕಣ್ಣಿಗೆ ಕಾಣುವ ಸಾಮಗ್ರಿ ಹೆಚ್ಚಿದ್ದರೆ ಪೋಸ್ಟರ್ ಹೊಂದುತ್ತದೆ. ಪೋಸ್ಟರ್ ಎಂದರೆ ಎರಡನೆಯ ದರ್ಜೆ ಎಂಬ ಭಾವನೆ ಮಾನವಿಕ ವಿಭಾಗಗಳಲ್ಲಿ ಇನ್ನೂ ಉಳಿದಿದೆ, ಅದನ್ನು ನಾನು ಒಪ್ಪುವುದಿಲ್ಲ. ಮೌಖಿಕ ಗೋಷ್ಠಿಯಲ್ಲಿ ಐದು ನಿಮಿಷದ ಪ್ರಶ್ನೋತ್ತರ ಸಿಕ್ಕರೆ ಹೆಚ್ಚು. ಪೋಸ್ಟರಿನ ಮುಂದೆ ನಿಂತವರು ನಿಮ್ಮೊಂದಿಗೆ ಕಾಲು ಗಂಟೆ ಮಾತನಾಡಿದರೂ ಯಾರೂ ಗಂಟೆ ಬಾರಿಸುವುದಿಲ್ಲ.

ಅರವತ್ತು ಪುಟದ ಪ್ರಬಂಧವನ್ನು ಹದಿನೈದು ನಿಮಿಷಕ್ಕೆ ಇಳಿಸುವುದು ಹೇಗೆ?

ಎಲ್ಲ ಅಧ್ಯಾಯಗಳನ್ನೂ ಒಂದೊಂದು ಚೂರಿನಂತೆ ಹೇಳಿ ಮುಗಿಸುವ ಪ್ರಯತ್ನ ಬೇಡ. ಹಾಗೆ ಮಾಡಿದ ಮಂಡನೆಯಲ್ಲಿ ಪೀಠಿಕೆ, ಪೂರ್ವಾಧ್ಯಯನಗಳ ಸಮೀಕ್ಷೆ, ಸಿದ್ಧಾಂತದ ಚೌಕಟ್ಟು, ವಿಧಾನ ಎಲ್ಲವೂ ಬಂದು, ವಿಶ್ಲೇಷಣೆಗೆ ಕೈಹಾಕುವ ಹೊತ್ತಿಗೆ ಗೋಷ್ಠಿಯ ಅಧ್ಯಕ್ಷರು ‘ಎರಡು ನಿಮಿಷ ಉಳಿದಿದೆ’ ಎಂಬ ಚೀಟಿ ಕಳಿಸುತ್ತಾರೆ. ನಿಮ್ಮದೇ ಆದ ಕೆಲಸ ಆ ಎರಡು ನಿಮಿಷದಲ್ಲಿ ಅವಸರವಾಗಿ ಮುಗಿದುಹೋಗುತ್ತದೆ. ವರ್ಷವಿಡೀ ದುಡಿದ ವಿದ್ಯಾರ್ಥಿಗೆ ಇದಕ್ಕಿಂತ ದೊಡ್ಡ ಅನ್ಯಾಯವಿಲ್ಲ, ಅದೂ ತಾನೇ ಮಾಡಿಕೊಂಡದ್ದು.

ಇಡೀ ಪ್ರಬಂಧದಿಂದ ಒಂದೇ ವಾದವನ್ನು ಆರಿಸಿಕೊಳ್ಳಿ. ಆ ವಾದವನ್ನು ಹೊರಬಲ್ಲ ಎರಡು ಅಥವಾ ಹೆಚ್ಚೆಂದರೆ ಮೂರು ಉದಾಹರಣೆಗಳನ್ನು ತೆಗೆದಿಡಿ. ಹದಿನೈದು ನಿಮಿಷದಲ್ಲಿ ಮೊದಲ ಎರಡು ಮೂರು ನಿಮಿಷ ಪ್ರಶ್ನೆಗೂ ಅದರ ಹಿನ್ನೆಲೆಗೂ ಸಾಕು, ಆಕರ ಮತ್ತು ವಿಧಾನಕ್ಕೆ ಇನ್ನೆರಡು ನಿಮಿಷ. ಉಳಿದ ಸಮಯದ ಬಹುಭಾಗ ಉದಾಹರಣೆಗಳ ನಿಕಟ ಓದಿಗೆ ಹೋಗಲಿ. ಪೂರ್ವಾಧ್ಯಯನಗಳ ಬಗ್ಗೆ ಹೇಳುವಾಗ ಹತ್ತು ವಿದ್ವಾಂಸರ ಹೆಸರನ್ನು ಸಾಲಾಗಿ ಹೇಳುವುದಕ್ಕಿಂತ, ನೀವು ನೇರವಾಗಿ ಯಾರೊಂದಿಗೆ ಸಂವಾದ ನಡೆಸುತ್ತಿದ್ದೀರೋ ಅವರ ನಿಲುವನ್ನು ನ್ಯಾಯವಾಗಿ ವಿವರಿಸಿ, ನೀವು ಎಲ್ಲಿ ಬೇರೆಯಾಗುತ್ತೀರಿ ಎಂಬುದನ್ನು ತಿಳಿಸುವುದು ಮೇಲು.

ಬಿಟ್ಟ ಭಾಗಗಳು ವ್ಯರ್ಥವಾಗುವುದಿಲ್ಲ. ಪ್ರಶ್ನೋತ್ತರದಲ್ಲಿ ಅವೇ ನಿಮ್ಮ ನೆರವಿಗೆ ಬರುತ್ತವೆ.

ಬರೆದುಕೊಂಡು ಓದಬೇಕೇ, ನೋಡದೆ ಮಾತನಾಡಬೇಕೇ?

ವಿಷಯದಿಂದ ವಿಷಯಕ್ಕೆ ರೂಢಿ ಬೇರೆ. ತತ್ತ್ವಶಾಸ್ತ್ರ, ಸಾಹಿತ್ಯ ಮತ್ತು ಇತಿಹಾಸದ ಗೋಷ್ಠಿಗಳಲ್ಲಿ ಬರೆದ ಪ್ರಬಂಧವನ್ನು ಓದುವ ಸಂಪ್ರದಾಯ ಹಳೆಯದು, ಅದಕ್ಕೆ ಕಾರಣವೂ ಇದೆ: ಅಲ್ಲಿ ಪದದ ಆಯ್ಕೆಯೇ ವಾದದ ಭಾಗ. ಮನಶ್ಶಾಸ್ತ್ರ, ಅರ್ಥಶಾಸ್ತ್ರದಂತಹ ಕಡೆ ಸ್ಲೈಡುಗಳ ಆಧಾರದ ಮೇಲೆ ಮಾತನಾಡುವುದು ವಾಡಿಕೆ. ಓದುವುದಾದರೆ ಕಿವಿಗಾಗಿ ಬರೆದ ಪಠ್ಯವನ್ನು ಓದಿ. ಪ್ರಬಂಧದ ಉದ್ದನೆಯ ಸಂಯುಕ್ತ ವಾಕ್ಯವನ್ನು ಓದುಗ ಎರಡು ಸಲ ಓದಿ ಬಿಡಿಸಿಕೊಳ್ಳಬಲ್ಲ, ಕೇಳುಗನಿಗೆ ಆ ಅವಕಾಶವಿಲ್ಲ. ಕ್ರಿಯಾಪದ ಕೊನೆಗೆ ಬರುವ ಕನ್ನಡದಂತಹ ಭಾಷೆಯಲ್ಲಿ ವಾಕ್ಯ ಮುಗಿಯುವವರೆಗೂ ಒಪ್ಪಿಗೆಯೋ ನಿರಾಕರಣೆಯೋ ತಿಳಿಯುವುದಿಲ್ಲವಾದ್ದರಿಂದ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಸಮಯವನ್ನು ಪುಟದ ಲೆಕ್ಕದಲ್ಲಿ ಊಹಿಸದೆ, ಗಡಿಯಾರ ಇಟ್ಟುಕೊಂಡು ಗಟ್ಟಿಯಾಗಿ ಓದಿ ಅಳೆಯಿರಿ. ಉದ್ಧೃತ ಭಾಗಗಳಿಗೆ ತಗಲುವ ಸಮಯವೂ ಅದರಲ್ಲಿ ಸೇರಿರಲಿ.

ಎಷ್ಟು ಸ್ಲೈಡುಗಳಿರಬೇಕು?

ನಿಮಿಷಕ್ಕೆ ಒಂದು ಎಂಬುದು ಸಾಮಾನ್ಯ ಮಿತಿ, ಆದರೆ ಒಂದೇ ವರ್ಣಚಿತ್ರವನ್ನು ಆರು ನಿಮಿಷ ತೆರೆಯ ಮೇಲೆ ಇಟ್ಟು ಮಾತನಾಡುವುದೂ ಸರಿಯೇ. ನೀವು ಬಾಯಲ್ಲಿ ಹೇಳುವುದನ್ನೇ ತೆರೆಯ ಮೇಲೆ ಬರೆಯುವ ಅಗತ್ಯವಿಲ್ಲ. ಕೇಳುಗರ ಕಣ್ಣಿಗೆ ಬೀಳಲೇಬೇಕಾದದ್ದು ಮೂಲ ಆಕರ. ಪದ್ಯ, ಪತ್ರ, ಶಾಸನದ ಸಾಲು, ಸಂದರ್ಶನದ ಮಾತು ಏನೇ ಇರಲಿ, ನೀವು ವಿಶ್ಲೇಷಿಸುವ ಸಾಲುಗಳನ್ನು ದೊಡ್ಡ ಅಕ್ಷರದಲ್ಲಿ ತೋರಿಸಿ, ಆಕರದ ವಿವರವನ್ನು ಕೆಳಗೆ ನಮೂದಿಸಿ. ಬೇರೆ ಭಾಷೆಯ ಆಕರವಾಗಿದ್ದರೆ ಮೂಲವನ್ನೂ ಅನುವಾದವನ್ನೂ ಒಟ್ಟಿಗೆ ಇಟ್ಟು, ಅನುವಾದ ಯಾರದೆಂದು ತಿಳಿಸಿ. ಉದ್ದನೆಯ ಪಠ್ಯವಿದ್ದರೆ ಒಂದು ಹಾಳೆಯಲ್ಲಿ ಮುದ್ರಿಸಿ ಸಭಿಕರಿಗೆ ಹಂಚುವುದು ಹಳೆಯ ಪದ್ಧತಿ. ವಿದ್ಯುತ್ ಹೋದಾಗ, ಪ್ರೊಜೆಕ್ಟರ್ ಕೆಟ್ಟಾಗ ಆ ಹಾಳೆಯೇ ಮಂಡನೆಯನ್ನು ಉಳಿಸುತ್ತದೆ.

ಪೋಸ್ಟರ್ ತಯಾರಿಸುವಾಗ ಯಾವುದಕ್ಕೆ ಗಮನ ಕೊಡಬೇಕು?

ಆಯೋಜಕರು ಸೂಚಿಸಿದ ಗಾತ್ರವನ್ನು ಮೊದಲು ನೋಡಿಕೊಳ್ಳಿ. ಹೆಚ್ಚಾಗಿ ಕೇಳುವುದು 841 × 1189 ಮಿ.ಮೀ. ಅಳತೆಯ ಎ0, ಅಥವಾ ಅದರ ಅರ್ಧದಷ್ಟಿರುವ, 594 × 841 ಮಿ.ಮೀ. ಅಳತೆಯ ಎ1. ಹಾಳೆ ನಿಲುವಾಗಿರಬೇಕೋ ಅಡ್ಡಲಾಗಿರಬೇಕೋ ಎಂಬುದನ್ನು ಮುದ್ರಣಕ್ಕೆ ಮೊದಲೇ ಕೇಳಿ ತಿಳಿಯಿರಿ.

ಪ್ರಬಂಧದ ಪುಟಗಳನ್ನು ಕಿರಿದಾಗಿಸಿ ಅಂಟಿಸಿದಂತೆ ಕಾಣುವ ಪೋಸ್ಟರನ್ನು ಯಾರೂ ಓದುವುದಿಲ್ಲ. ಐನೂರು ಪದ ಮೀರದಿದ್ದರೆ ಒಳ್ಳೆಯದು. ಶೀರ್ಷಿಕೆಯ ಜಾಗದಲ್ಲಿ ವಿಷಯದ ಹೆಸರಿಗೆ ಬದಲಾಗಿ ನಿಮ್ಮ ಮುಖ್ಯ ವಾದವನ್ನೇ ಒಂದು ವಾಕ್ಯವಾಗಿ ಬರೆದರೆ ದಾಟಿಹೋಗುವವರಿಗೂ ಏನಾದರೂ ದಕ್ಕುತ್ತದೆ. ಮಾನವಿಕ ವಿಷಯದ ಪೋಸ್ಟರಿನ ನಟ್ಟನಡುವೆ ಒಂದು ಆಕರ ಇರಲಿ, ಉದಾಹರಣೆಗೆ ಒಂದು ಜಾಹೀರಾತು ಅಥವಾ ಒಂದು ಪತ್ರದ ಪುಟ. ಅದರ ಸುತ್ತ ನಿಮ್ಮ ಟಿಪ್ಪಣಿಗಳು ಗೆರೆಗಳ ಮೂಲಕ ಆಯಾ ಜಾಗಕ್ಕೆ ಸೇರಲಿ. ಓದುವ ಕೆಲಸ ಹೇಗೆ ನಡೆಯಿತೆಂಬುದು ಹಾಗೆ ಕಣ್ಣಿಗೇ ಕಾಣುತ್ತದೆ. ಕೆಂಪು ಮತ್ತು ಹಸಿರನ್ನು ಬೇರ್ಪಡಿಸಿ ನೋಡಲಾಗದವರು, ಅದರಲ್ಲೂ ಗಂಡಸರಲ್ಲಿ, ಸಾಕಷ್ಟು ಮಂದಿ ಇರುವುದರಿಂದ ನಕ್ಷೆಯಲ್ಲಾಗಲಿ ಕೋಷ್ಟಕದಲ್ಲಾಗಲಿ ಬಣ್ಣವೊಂದನ್ನೇ ನಂಬಬೇಡಿ.

ಸಂದರ್ಶನದಲ್ಲಿ ಜನರು ಹೇಳಿದ್ದನ್ನು ಸಭೆಯಲ್ಲಿ ಹೇಳಬಹುದೇ?

ಅವರು ಯಾವುದಕ್ಕೆ ಒಪ್ಪಿಗೆ ಕೊಟ್ಟಿದ್ದಾರೆ ಎಂಬುದರ ಮೇಲೆ ಇದು ನಿಂತಿದೆ. ಸಂದರ್ಶನಕ್ಕೆ ಒಪ್ಪಿದವರು ತಮ್ಮ ಧ್ವನಿಯನ್ನು ಸಭಾಂಗಣದಲ್ಲಿ ಕೇಳಿಸುವುದಕ್ಕೆ ಒಪ್ಪಿದ್ದಾರೆಂದು ಅರ್ಥವಲ್ಲ. ಛಾಯಾಚಿತ್ರ ತೆಗೆಯಲು ಬಿಟ್ಟವರು ಅದು ಅಂತರ್ಜಾಲದಲ್ಲಿ ಪ್ರಕಟವಾಗಲೆಂದು ಬಯಸಿದ್ದಾರೆಂದೂ ಅಲ್ಲ. ಒಪ್ಪಿಗೆಯ ಪತ್ರದಲ್ಲಿ ಧ್ವನಿ, ಚಿತ್ರ, ಉದ್ಧರಣೆ, ಪ್ರಕಟಣೆ ಇವನ್ನೆಲ್ಲ ಬೇರೆ ಬೇರೆಯಾಗಿ ಕೇಳಿರಬೇಕು. ಕೇಳಿರದಿದ್ದರೆ ಮಂಡನೆಗೆ ಮೊದಲು ಮತ್ತೆ ಅವರ ಬಳಿ ಹೋಗಿ ಕೇಳಬೇಕು. ಅಮೆರಿಕದಲ್ಲಿ 1979ರಲ್ಲಿ ಪ್ರಕಟವಾದ ಬೆಲ್ಮಾಂಟ್ ವರದಿ ವ್ಯಕ್ತಿಗೌರವ, ಹಿತಚಿಂತನೆ ಮತ್ತು ನ್ಯಾಯ ಎಂಬ ಮೂರು ತತ್ತ್ವಗಳನ್ನು ಮುಂದಿಟ್ಟಿತು. ವೈದ್ಯಕೀಯ ಮತ್ತು ವರ್ತನಾ ಸಂಶೋಧನೆಯನ್ನು ಉದ್ದೇಶಿಸಿ ಬರೆದ ಆ ವರದಿಯ ಪ್ರಭಾವ ಇಂದಿನ ಅನೇಕ ವಿಶ್ವವಿದ್ಯಾಲಯಗಳ ನೈತಿಕ ಸಮಿತಿಗಳ ಕಾರ್ಯವಿಧಾನದಲ್ಲಿ ಕಾಣುತ್ತದೆ. ನಿಮ್ಮ ಯೋಜನೆಗೆ ಸಮಿತಿಯ ಅನುಮತಿ ಬೇಕಿದ್ದರೆ ಅದನ್ನು ಕ್ಷೇತ್ರಕಾರ್ಯಕ್ಕೆ ಮೊದಲೇ ಪಡೆಯಬೇಕು, ಆಮೇಲೆ ಪಡೆಯಲು ಬರುವುದಿಲ್ಲ.

ಹೆಸರು ಬದಲಿಸಿದ ಮಾತ್ರಕ್ಕೆ ಗುರುತು ಮರೆಯಾಗುವುದಿಲ್ಲ ಎಂಬುದನ್ನು ಒತ್ತಿ ಹೇಳಬೇಕಾಗಿದೆ. ಒಂದು ಸಣ್ಣ ಊರಿನ ಏಕೈಕ ಸೂಲಗಿತ್ತಿಯನ್ನು ‘ಮಾಹಿತಿದಾರರು 4’ ಎಂದು ಕರೆದರೂ ಆ ಊರಿನವರೆಲ್ಲರಿಗೂ ಅವರು ಯಾರೆಂದು ತಿಳಿಯುತ್ತದೆ. ಉದ್ಯೋಗ, ವಯಸ್ಸು, ಊರು, ಯಾವುದಾದರೂ ಹೆಸರಾದ ಘಟನೆ ಇವು ಒಟ್ಟುಗೂಡಿದಾಗ ಏನು ಬಯಲಾಗುತ್ತದೆ ಎಂಬುದನ್ನು ಪ್ರತಿಯೊಂದು ಉದ್ಧರಣೆಗೂ ಯೋಚಿಸಿ ನೋಡಿ. ಅನುಮಾನ ಬಂದರೆ ಆ ಉದಾಹರಣೆಯನ್ನೇ ಬಿಡಿ. ನಿಮ್ಮ ವಾದಕ್ಕೆ ಬರುವ ಬಲ ಒಬ್ಬರ ನೆಮ್ಮದಿಗಿಂತ ದೊಡ್ಡದಲ್ಲ. ಹಾಗೆಂದು ಎಲ್ಲರ ಹೆಸರನ್ನೂ ಮರೆಮಾಚುವುದೇ ಸರಿ ಎಂದೇನೂ ಅಲ್ಲ. ಮೌಖಿಕ ಇತಿಹಾಸದಲ್ಲಿ ತಮ್ಮ ಹೆಸರಿನೊಂದಿಗೇ ತಮ್ಮ ಮಾತು ದಾಖಲಾಗಬೇಕೆಂದು ಬಯಸುವವರು ಅನೇಕರಿರುತ್ತಾರೆ. ಕಲಾವಿದರ, ಹಾಡುಗಾರರ, ಕುಶಲಕರ್ಮಿಗಳ ಜ್ಞಾನವನ್ನು ಅವರ ಹೆಸರಿಲ್ಲದೆ ಮಂಡಿಸುವುದು ಅವರಿಗೆ ಸಲ್ಲಬೇಕಾದ ಮನ್ನಣೆಯನ್ನು ಕಸಿದುಕೊಂಡಂತೆಯೇ ಸರಿ.

ಅವರು ಸಭೆಯಲ್ಲಿ ಕುಳಿತಿದ್ದರೆ ಈ ಮಾತನ್ನು ಇದೇ ದನಿಯಲ್ಲಿ ಹೇಳುತ್ತಿದ್ದೆನೇ ಎಂದು ಕೇಳಿಕೊಳ್ಳಿ.

ಸಮೀಕ್ಷೆಯಲ್ಲಿ ನಲವತ್ತೇ ಜನರಿದ್ದಾರೆ. ಮಂಡಿಸಿದರೆ ಟೀಕೆ ಬರುವುದಿಲ್ಲವೇ?

ನಲವತ್ತು ಜನರಿಂದ ಇಡೀ ಸಮಾಜದ ಬಗ್ಗೆ ತೀರ್ಪು ಕೊಟ್ಟರೆ ಟೀಕೆ ಬರುತ್ತದೆ, ಬರಲೂಬೇಕು. ಯಾದೃಚ್ಛಿಕವಾಗಿ ಆರಿಸಿದ 400 ಜನರ ಮಾದರಿಯಲ್ಲಿಯೇ ಸುಮಾರು ಶೇ. 5ರಷ್ಟು, 1,000 ಜನರಲ್ಲಿ ಸುಮಾರು ಶೇ. 3ರಷ್ಟು ಅತ್ತಿತ್ತ ಆಗುವ ಸಾಧ್ಯತೆಯನ್ನು ಒಪ್ಪಿಕೊಳ್ಳಬೇಕಾಗುತ್ತದೆ. ಪರಿಚಿತರ ಮೂಲಕ ಪ್ರಶ್ನಾವಳಿ ತುಂಬಿಸಿದ ಮಾದರಿಗೆ ಆ ಲೆಕ್ಕವೂ ಅನ್ವಯಿಸುವುದಿಲ್ಲ. ಆದ್ದರಿಂದ ‘ಶೇ. 37.5’ ಎನ್ನುವುದನ್ನು ಬಿಟ್ಟು ‘ನಲವತ್ತರಲ್ಲಿ ಹದಿನೈದು ಮಂದಿ’ ಎನ್ನಿ, ಅವರು ಯಾರು ಮತ್ತು ಹೇಗೆ ಸಿಕ್ಕರು ಎಂಬುದನ್ನು ಮುಚ್ಚಿಡದೆ ತಿಳಿಸಿ. ಆಳವಾದ ಸಂದರ್ಶನಗಳ ಅಧ್ಯಯನವಾದರೆ ಹನ್ನೆರಡು ಜನರೂ ಸಾಕಾಗಬಹುದು, ಏಕೆಂದರೆ ಅಲ್ಲಿ ಎಷ್ಟು ಮಂದಿ ಎನ್ನುವುದಕ್ಕಿಂತ ಹೇಗೆ ಮತ್ತು ಯಾಕೆ ಎನ್ನುವುದೇ ಪ್ರಶ್ನೆ.

ನನ್ನ ಯೋಜನೆ ಒಂದು ನಾಟಕ ಪ್ರಯೋಗ, ಅಥವಾ ಚಿತ್ರಸರಣಿ. ಅದನ್ನು ಸಂಶೋಧನೆಯೆಂದು ಹೇಗೆ ಮಂಡಿಸಲಿ?

ಕೃತಿಯ ಜೊತೆಗೆ ಅದನ್ನು ಹುಟ್ಟಿಸಿದ ಪ್ರಶ್ನೆಯನ್ನೂ, ಮಾಡುತ್ತ ಮಾಡುತ್ತ ನಿಮಗೆ ತಿಳಿದುಬಂದದ್ದನ್ನೂ ಮಂಡಿಸಿ. ತಾಲೀಮಿನ ಟಿಪ್ಪಣಿ, ಕೈಬಿಟ್ಟ ಕರಡು, ಬದಲಾದ ದೃಶ್ಯದ ಎರಡು ಆವೃತ್ತಿಗಳ ಹೋಲಿಕೆ ಇವೇ ಇಲ್ಲಿ ಆಕರಗಳು. ಆದ್ದರಿಂದ ಮೊದಲ ದಿನದಿಂದಲೇ ಅವನ್ನು ದಿನಾಂಕ ಸಹಿತ ಜೋಡಿಸಿಡುವುದು ಅಗತ್ಯ.

ಬೇರೆಯವರ ಚಿತ್ರ, ಸಂಗೀತದ ತುಣುಕುಗಳನ್ನು ಬಳಸಬಹುದೇ?

ತರಗತಿಯ ಅಥವಾ ವಿಭಾಗದ ಸಭೆಯಲ್ಲಿ ವಿಮರ್ಶೆಗಾಗಿ ಸ್ವಲ್ಪ ಭಾಗವನ್ನು ಬಳಸಲು ಹಲವು ದೇಶಗಳ ಕಾನೂನು ಅವಕಾಶ ಕೊಡುತ್ತದೆ, ಆದರೆ ಅದರ ವ್ಯಾಪ್ತಿ ದೇಶದಿಂದ ದೇಶಕ್ಕೆ ಬೇರೆ. ಮಂಡನೆಯ ಧ್ವನಿಮುದ್ರಣವೋ ಸ್ಲೈಡುಗಳೋ ಅಂತರ್ಜಾಲಕ್ಕೆ ಏರುವುದಾದರೆ ಲೆಕ್ಕವೇ ಬದಲಾಗುತ್ತದೆ. ಪತ್ರಾಗಾರಗಳು ಮತ್ತು ವಸ್ತುಸಂಗ್ರಹಾಲಯಗಳು ಓದಲು ಕೊಟ್ಟ ಅನುಮತಿ ಪ್ರಕಟಿಸಲು ಕೊಟ್ಟ ಅನುಮತಿಯಲ್ಲ. ಗ್ರಂಥಪಾಲಕರನ್ನು ಕೇಳಿ, ಈ ವಿಷಯದಲ್ಲಿ ಮಾರ್ಗದರ್ಶಕರಿಗಿಂತ ಅವರಿಗೇ ಹೆಚ್ಚು ತಿಳಿದಿರುತ್ತದೆ.

ಸಿದ್ಧತೆಯಲ್ಲಿ ಕೃತಕ ಬುದ್ಧಿಮತ್ತೆಯ ಸಾಧನಗಳನ್ನು ಬಳಸಬಹುದೇ?

ನಿಮ್ಮ ಸಂಸ್ಥೆಯ ನಿಯಮ ಒಪ್ಪಿದರೆ, ಬಳಸಿದ್ದನ್ನು ತಿಳಿಸಿ ಬಳಸಬಹುದು. ಎರಡು ಅಪಾಯಗಳು ನಮ್ಮ ವಿಷಯಗಳಿಗೆ ವಿಶೇಷವಾಗಿ ತಟ್ಟುತ್ತವೆ. ಈ ಸಾಧನಗಳು ಇಲ್ಲದ ಪುಸ್ತಕಗಳನ್ನೂ ಆಡದ ಮಾತುಗಳನ್ನೂ ನಂಬುವಂತೆ ಬರೆದುಕೊಡಬಲ್ಲವು. ಆದ್ದರಿಂದ ಕಣ್ಣಾರೆ ನೋಡದ ಯಾವ ಉಲ್ಲೇಖವೂ ಸ್ಲೈಡಿಗೆ ಬರಬಾರದು. ಇನ್ನೊಂದು, ಸಂದರ್ಶನದ ಧ್ವನಿಮುದ್ರಣವನ್ನು ಬರಹಕ್ಕೆ ಇಳಿಸಲೆಂದು ಹೊರಗಿನ ಸೇವೆಗೆ ಏರಿಸಿದರೆ, ಮಾತು ಕೊಟ್ಟವರ ಗೋಪ್ಯತೆಯನ್ನು ಅವರಿಗೆ ತಿಳಿಯದಂತೆಯೇ ಮುರಿದಂತಾಗಬಹುದು.

ಗುಂಪಿನ ಯೋಜನೆಯಾದರೆ ಯಾರು ಮಾತನಾಡಬೇಕು?

ಎಲ್ಲರೂ ಎರಡೆರಡು ನಿಮಿಷ ಮಾತನಾಡಲೇಬೇಕೆಂಬ ನಿಯಮವಿಲ್ಲದಿದ್ದರೆ, ಇಬ್ಬರು ಮಂಡಿಸಿ ಉಳಿದವರು ತಾವು ಮಾಡಿದ ಭಾಗದ ಪ್ರಶ್ನೆಗಳಿಗೆ ಉತ್ತರಿಸುವುದು ಸುಗಮ. ಯಾರು ಏನು ಮಾಡಿದರೆಂಬುದು ಮೊದಲ ಸ್ಲೈಡಿನಲ್ಲಿಯೇ ಇರಲಿ.

ಪ್ರಶ್ನೋತ್ತರದ ಭಯವನ್ನು ಹೇಗೆ ಎದುರಿಸಲಿ?

ಮಂಡನೆಯಲ್ಲಿ ನೀವು ಆರಿಸಿ ಬಿಟ್ಟ ಭಾಗಗಳ ಪಟ್ಟಿಯನ್ನು ತೆಗೆಯಿರಿ. ಪ್ರಶ್ನೆಗಳು ಬರುವುದು ಬಹುತೇಕ ಅಲ್ಲಿಂದಲೇ. ಈ ಆಕರಗಳನ್ನೇ ಏಕೆ ಆರಿಸಿದಿರಿ, ನಿಮ್ಮ ವಾದಕ್ಕೆ ಒಗ್ಗದ ಉದಾಹರಣೆ ಸಿಗಲಿಲ್ಲವೇ, ಇದೇ ಸಾಲನ್ನು ಹೀಗೂ ಓದಬಹುದಲ್ಲವೇ, ಈ ಪದವನ್ನು ಯಾವ ಅರ್ಥದಲ್ಲಿ ಬಳಸುತ್ತಿದ್ದೀರಿ, ಈ ನಾಲ್ಕು ಪ್ರಶ್ನೆಗಳು ಯಾವ ವಿಷಯದ ಗೋಷ್ಠಿಯಲ್ಲೂ ಬರುತ್ತವೆ. ಎರಡನೆಯದಕ್ಕೆ ಪ್ರಾಮಾಣಿಕ ಉತ್ತರ ಸಿದ್ಧವಿರಲಿ. ವಾದಕ್ಕೆ ಒಗ್ಗದ ಒಂದು ಉದಾಹರಣೆಯನ್ನು ನೀವೇ ಮುಂದಿಟ್ಟು, ಅದು ಏಕೆ ಒಗ್ಗುವುದಿಲ್ಲವೆಂದು ವಿವರಿಸಿದ ವಿದ್ಯಾರ್ಥಿಯ ಮೇಲೆ ಸಭೆಗೆ ಬರುವ ವಿಶ್ವಾಸವನ್ನು ಬೇರಾವ ಸಿದ್ಧತೆಯೂ ತರಲಾರದು.

ಗೊತ್ತಿಲ್ಲದ ಪ್ರಶ್ನೆಗೆ ‘ಆ ಆಕರವನ್ನು ನಾನು ನೋಡಿಲ್ಲ, ನೋಡಿದರೆ ಇಂಥ ಭಾಗ ಬದಲಾಗಬಹುದು’ ಎನ್ನುವುದು ಪೂರ್ಣ ಉತ್ತರವೇ. ಕೆಲವರು ಪ್ರಶ್ನೆಯ ಹೆಸರಿನಲ್ಲಿ ತಮ್ಮದೇ ಉಪನ್ಯಾಸ ಕೊಡುತ್ತಾರೆ. ಅವರ ಮಾತಿನಲ್ಲಿ ನಿಮ್ಮ ವಾದಕ್ಕೆ ತಾಗುವ ಒಂದು ಎಳೆಯನ್ನು ಹಿಡಿದು ಅದಕ್ಕಷ್ಟೇ ಉತ್ತರಿಸಿ, ಉಳಿದದ್ದಕ್ಕೆ ಧನ್ಯವಾದ ಹೇಳಿ. ಪ್ರಶ್ನೆಗಳನ್ನು ಬರೆದುಕೊಳ್ಳಲು ಗೆಳೆಯರೊಬ್ಬರಿಗೆ ಮೊದಲೇ ಹೇಳಿಡಿ, ಏಕೆಂದರೆ ಆ ಹೊತ್ತಿನ ಉದ್ವೇಗದಲ್ಲಿ ಕೇಳಿದ ಪ್ರಶ್ನೆಗಳು ಮಂಡಿಸಿದವರ ನೆನಪಿನಲ್ಲಿ ಉಳಿಯುವುದೇ ಇಲ್ಲ.

‘ಇದರಿಂದ ಸಮಾಜಕ್ಕೆ ಏನು ಉಪಯೋಗ?’ ಎಂದು ಕೇಳಿದರೆ?

ಈ ಪ್ರಶ್ನೆಗೆ ಕುಗ್ಗಬೇಕಾಗಿಲ್ಲ, ಕೋಪಿಸಿಕೊಳ್ಳಬೇಕಾಗಿಯೂ ಇಲ್ಲ. ನಿಮ್ಮ ಕೆಲಸ ಯಾವ ಸಮಸ್ಯೆಯನ್ನು ಬಗೆಹರಿಸುತ್ತದೆ ಎಂದು ಬಲವಂತದ ಉತ್ತರ ಹುಡುಕುವ ಬದಲು, ಜನ ಈವರೆಗೆ ನಿಜವೆಂದು ನಂಬಿದ್ದ ಯಾವ ಮಾತನ್ನು ನಿಮ್ಮ ಆಕರಗಳು ಪ್ರಶ್ನಿಸುತ್ತವೆ ಎಂಬುದನ್ನು ಹೇಳಿ. ಅಪಘಾತಗಳ ಬಗ್ಗೆ ಮೌನವಾದ ಆ ಪತ್ರಗಳನ್ನು ಓದಿದವರು, ವಲಸೆ ಕಾರ್ಮಿಕರು ತೃಪ್ತರಾಗಿದ್ದರೆಂಬ ಹೇಳಿಕೆಯನ್ನು ಮತ್ತೆ ಅಷ್ಟು ಸುಲಭವಾಗಿ ಬರೆಯಲಾರರು. ಅದು ಉಪಯೋಗವೇ.

ಮಂಡನೆ ಮುಗಿದ ಮೇಲೆ ಏನು ಮಾಡಬೇಕು?

ಅದೇ ವಾರದೊಳಗೆ ಬರೆದಿಟ್ಟ ಪ್ರಶ್ನೆಗಳನ್ನು ಮಾರ್ಗದರ್ಶಕರೊಂದಿಗೆ ಕುಳಿತು ನೋಡಿ, ಪ್ರಬಂಧದ ಯಾವ ಭಾಗಕ್ಕೆ ಯಾವುದು ಸೇರುತ್ತದೆಂದು ಗುರುತಿಸಿ. ಮಂಡನೆಯ ಶೀರ್ಷಿಕೆ, ಗೋಷ್ಠಿಯ ಹೆಸರು, ಸ್ಥಳ ಮತ್ತು ದಿನಾಂಕವನ್ನು ನಿಮ್ಮ ವ್ಯಕ್ತಿವಿವರದಲ್ಲಿ ಸೇರಿಸಬಹುದು. ಮುಂದೆಯೂ ಸಂಶೋಧನೆಯಲ್ಲಿ ಇರುವವರು 2012ರಿಂದ ಬಳಕೆಯಲ್ಲಿರುವ ಆರ್ಕಿಡ್ (ORCID) ಎಂಬ ಸಂಶೋಧಕರ ಗುರುತಿನ ಸಂಖ್ಯೆಯನ್ನು ಈಗಲೇ ಉಚಿತವಾಗಿ ಪಡೆದರೆ, ಒಂದೇ ಹೆಸರಿನ ಹಲವರ ನಡುವೆ ನಿಮ್ಮ ಕೆಲಸ ಬೆರೆತುಹೋಗುವುದಿಲ್ಲ. ಸ್ಲೈಡುಗಳನ್ನು ಸಾರ್ವಜನಿಕ ಭಂಡಾರಕ್ಕೆ ಸೇರಿಸುವುದಾದರೆ ಸಂದರ್ಶನದ ಭಾಗಗಳನ್ನೂ ಅನುಮತಿಯಿಲ್ಲದ ಚಿತ್ರಗಳನ್ನೂ ತೆಗೆದು ಸೇರಿಸಿ. ನಿಮಗೆ ಸಮಯ ಕೊಟ್ಟು ಮಾತನಾಡಿದ ಜನರಿಗೆ, ಅವರಿಗೆ ಓದಲು ಬರುವ ಭಾಷೆಯಲ್ಲಿ, ಎರಡು ಪುಟದ ಒಂದು ವರದಿಯನ್ನು ಕಳಿಸಿ. ಓದಲು ಬಾರದವರಿದ್ದರೆ ಹೋಗಿ ಕುಳಿತು ಹೇಳಿ ಬನ್ನಿ.